ಚೆನ್ನೆಮಣೆಯ ಕಾಯಿ ತಾನಾಗಿ ಹಾರುವುದು ಹೇಗೆ? ಮನೆಯಲ್ಲೇ ಸ್ಟಾಪ್ ಮೋಷನ್ ಸಿನಿಮಾ

ಕೇರಳದ ಪ್ರೌಢಶಾಲೆಗಳಲ್ಲಿ 2018ರಿಂದ ‘ಲಿಟ್ಲ್ ಕೈಟ್ಸ್’ ಎಂಬ ಐಟಿ ಕ್ಲಬ್ ನಡೆಯುತ್ತಿದೆ. ಅಲ್ಲಿ ಕಲಿಸುವ ವಿಷಯಗಳಲ್ಲಿ ಆನಿಮೇಶನ್ ಕೂಡ ಒಂದು. ಹಾಗಾಗಿ ಕಾಸರಗೋಡಿನ ಕಡೆಯ ಕನ್ನಡದ ಮನೆಗಳಲ್ಲಿ “ನನಗೊಂದು ಸಿನಿಮಾ ಮಾಡ್ಲಿಕ್ಕುಂಟು, ನಿಮ್ಮ ಮೊಬೈಲ್ ಕೊಡಿ” ಎಂದು ಮಕ್ಕಳು ಅಪ್ಪ ಅಮ್ಮನ ಹಿಂದೆ ಬೀಳುವುದು ಈಗ ಹೊಸತಲ್ಲ. ಶಾಲೆಯಲ್ಲಿ ಕಲಿಯುವುದು ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿ ಓಡಿಸುವುದನ್ನು. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಚಿತ್ರ ಬಿಡಿಸಲು ಕೈ ಬಾರದು ಎನ್ನುವವರಿಗೆ ಇನ್ನೊಂದು ದಾರಿ ಉಂಟು. ಒಂದು ಮೊಬೈಲ್, ಒಂದು ಬಲ್ಬು, ಅಟ್ಟದಲ್ಲಿ ದೂಳು ತಿನ್ನುತ್ತಿರುವ ಚೆನ್ನೆಮಣೆ (ಗುಳಿಗಳಿಗೆ ಕಾಯಿ ಹಾಕಿ ಆಡುವ ಅಳಗುಳಿಮಣೆ), ಇಷ್ಟಿದ್ದರೆ ಸಾಕು. ಅದಕ್ಕೆ ಸ್ಟಾಪ್ ಮೋಷನ್ ಎನ್ನುತ್ತಾರೆ. ಮಗುವಿಗೆ ಜೊತೆಗೊಡುವ ಹಿರಿಯರಿಗೂ ಅರ್ಥವಾಗಲಿ ಎಂದು ಬುಡದಿಂದಲೇ ಹೇಳುತ್ತೇನೆ.

ನಿಂತ ವಸ್ತು ನಡೆದಂತೆ ಕಾಣುವುದು

ಒಂದು ವಸ್ತುವನ್ನು ಇಟ್ಟು ಫೋಟೊ ತೆಗೆಯುತ್ತೇವೆ. ಕೈಯಿಂದ ಸ್ವಲ್ಪವೇ ಸರಿಸಿ ಇನ್ನೊಂದು ಫೋಟೊ ತೆಗೆಯುತ್ತೇವೆ. ಮತ್ತೆ ಸರಿಸುವುದು, ಮತ್ತೆ ಫೋಟೊ. ಎಲ್ಲ ಫೋಟೊಗಳನ್ನು ಸಾಲಾಗಿ ಜೋಡಿಸಿ ವೇಗವಾಗಿ ತೋರಿಸಿದರೆ ವಸ್ತು ತಾನಾಗಿ ನಡೆಯುತ್ತಿದೆ ಅನಿಸುತ್ತದೆ. ತಂತ್ರ ಇಷ್ಟೇ. ಈ ಒಂದೊಂದು ಫೋಟೊಗೆ ಫ್ರೇಮ್ ಎಂದು ಹೆಸರು.

ಕಾಸರಗೋಡಿನ ಯಕ್ಷಗಾನ ಗೊಂಬೆಯಾಟ ನೋಡಿದವರಿಗೆ ವ್ಯತ್ಯಾಸ ಬೇಗ ತಿಳಿದೀತು. ಗೊಂಬೆಯಾಟದಲ್ಲಿ ಸೂತ್ರ ಹಿಡಿದ ಕೈಯೂ ಗೊಂಬೆಯೂ ಒಟ್ಟಿಗೆ ಕುಣಿಯುತ್ತವೆ, ಭಾಗವತರ ಪದಕ್ಕೆ ಸರಿಯಾಗಿ, ನೋಡುವವರ ಎದುರಿಗೇ. ಸ್ಟಾಪ್ ಮೋಷನ್‌ನಲ್ಲಿ ಕೈ ಕೆಲಸ ಮಾಡುವುದು ಎರಡು ಫೋಟೊಗಳ ನಡುವಿನ ಬಿಡುವಿನಲ್ಲಿ. ಆ ಬಿಡುವು ಸಿನಿಮಾದಲ್ಲಿ ಇಲ್ಲವೇ ಇಲ್ಲ. ಒಂದು ಸೆಕೆಂಡಿನ ಚಲನೆಗೆ ಅರ್ಧ ಗಂಟೆ ತೆಗೆದುಕೊಂಡರೂ ನೋಡುವವರಿಗೆ ಗೊತ್ತಾಗುವುದಿಲ್ಲ.

ಕಣ್ಣಿನಲ್ಲಿ ಹಿಂದಿನ ಚಿತ್ರ ಸ್ವಲ್ಪ ಹೊತ್ತು ಉಳಿಯುವುದರಿಂದ ಹೀಗಾಗುತ್ತದೆ ಎಂದು ನಮ್ಮಲ್ಲಿ ಹೆಚ್ಚಿನವರು ಓದಿದ್ದೇವೆ. ಆದರೆ ಅದು ಅರ್ಧ ಕತೆ. ಚಿತ್ರ ಬರೀ ಉಳಿಯುವುದಾದರೆ ಒಂದರ ಮೇಲೊಂದು ಬಿದ್ದು ಕಲಸಿಹೋಗಬೇಕಿತ್ತು. ಮುಖ್ಯ ಕೆಲಸ ಮಿದುಳಿನದ್ದು. 1912ರಲ್ಲಿ ಮ್ಯಾಕ್ಸ್ ವರ್ತೈಮರ್ ಎಂಬ ಮನಶ್ಶಾಸ್ತ್ರಜ್ಞ ಎರಡು ಜಾಗಗಳಲ್ಲಿ ಗೆರೆಗಳನ್ನು ಒಂದಾದ ಮೇಲೊಂದು ತೋರಿಸಿದ ಪ್ರಯೋಗಗಳನ್ನು ಪ್ರಕಟಿಸಿದ. ನಡುವಿನ ಹೊತ್ತು ಸರಿಯಾಗಿದ್ದರೆ ನೋಡುವವರಿಗೆ ಒಂದೇ ಗೆರೆ ಇಲ್ಲಿಂದ ಅಲ್ಲಿಗೆ ಹೋದಂತೆ ಕಂಡಿತು. ನಡುವೆ ಏನೂ ಇಲ್ಲದಿದ್ದರೂ ಮಿದುಳು ದಾರಿಯನ್ನು ತಾನೇ ತುಂಬಿಕೊಂಡಿತ್ತು.

ನಿಧಾನವಾಗಿ ಬದಲಾಗುವುದನ್ನು ಆಗಾಗ ಫೋಟೊ ತೆಗೆದು ವೇಗವಾಗಿ ತೋರಿಸುವ ಟೈಮ್ ಲ್ಯಾಪ್ಸ್ ಎನ್ನುವುದು ಸ್ಟಾಪ್ ಮೋಷನ್‌ನ ತಂಗಿ. ದಾದಾಸಾಹೇಬ ಫಾಲ್ಕೆ 1913ರ ‘ರಾಜಾ ಹರಿಶ್ಚಂದ್ರ’ಕ್ಕೆ ಮೊದಲು ಬಟಾಣಿ ಬೀಜ ಮೊಳೆತು ಬಳ್ಳಿಯಾಗುವುದನ್ನು ದಿನ ದಿನ ಫ್ರೇಮ್ ತೆಗೆದು ಪುಟ್ಟ ಚಿತ್ರ ಮಾಡಿ, ಹಣ ಹಾಕುವವರನ್ನು ಅದರಿಂದ ಒಪ್ಪಿಸಿದ್ದರು. ಅಲ್ಲಿ ಬಳ್ಳಿ ತಾನೇ ಬೆಳೆಯಿತು, ಕ್ಯಾಮರಾ ಕಾಯುತ್ತಾ ಕೂತಿತು. ಸ್ಟಾಪ್ ಮೋಷನ್‌ನಲ್ಲಿ ತಾನಾಗಿ ಏನೂ ಆಗುವುದಿಲ್ಲ. ಆಗಬೇಕಾದ್ದನ್ನೆಲ್ಲ ನಾವೇ ಮಾಡಬೇಕು.

ಒಂದು ನಿಮಿಷಕ್ಕೆ ಎಷ್ಟು ಫೋಟೊ?

ಚಿತ್ರಮಂದಿರದ ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಮನೆಯ ಕೆಲಸಕ್ಕೆ 12 ಸಾಕು. ವೃತ್ತಿಯವರೂ ಅನೇಕ ಸಲ 12 ಭಂಗಿಗಳನ್ನಷ್ಟೇ ತೆಗೆದು ಒಂದೊಂದನ್ನು ಎರಡೆರಡು ಸಲ ತೋರಿಸುತ್ತಾರೆ. ಹನ್ನೆರಡರ ಲೆಕ್ಕದಲ್ಲಿ ಒಂದು ನಿಮಿಷಕ್ಕೆ 720 ಫೋಟೊ. ಒಂದು ಫೋಟೊ 3 ಎಂಬಿ ಎಂದು ಹಿಡಿದರೂ ಎರಡು ಜಿಬಿ ದಾಟುತ್ತದೆ. ಮೊಬೈಲಿನಲ್ಲಿ ಜಾಗ ಉಂಟೋ ನೋಡಿಕೊಂಡೇ ಕೂರುವುದು ಒಳ್ಳೆಯದು.

ಮೊದಲ ಸಿನಿಮಾ ಇಪ್ಪತ್ತು ಸೆಕೆಂಡಿನದ್ದಾಗಿರಲಿ. 240 ಫೋಟೊ ಎಂದರೆ ಒಂದು ಭಾನುವಾರದ ಕೆಲಸ. ರಾಮಾಯಣ ಪೂರ್ತಿ ಮಾಡುತ್ತೇನೆ ಎಂದು ಹೊರಟ ಮಕ್ಕಳು ಸೀತಾಸ್ವಯಂವರಕ್ಕೂ ಮುಟ್ಟುವುದಿಲ್ಲ.

ಅಲುಗಬಾರದ್ದು ಅಲುಗದಂತೆ ನೋಡಿಕೊಳ್ಳುವುದು

ವಸ್ತುವನ್ನು ಸರಿಸುವುದೇ ಕಷ್ಟದ ಕೆಲಸ ಎಂದು ಹೊರಗಿನವರು ತಿಳಿಯುತ್ತಾರೆ. ನಿಜಕ್ಕೂ ಕಷ್ಟ ಇರುವುದು ಉಳಿದದ್ದೆಲ್ಲವನ್ನೂ ಇದ್ದ ಹಾಗೇ ಇಡುವುದರಲ್ಲಿ. ಎರಡು ಫೋಟೊಗಳ ನಡುವೆ ಏನೇ ಬದಲಾದರೂ ಮಿದುಳು ಅದನ್ನೂ ಚಲನೆಯೆಂದೇ ಓದುತ್ತದೆ. ಮೇಜು ಒಂದು ಎಳೆ ಸರಿದರೆ ಭೂಕಂಪ ಆದಂತೆ ಕಾಣುತ್ತದೆ.

ಇದಕ್ಕೆ ದೊಡ್ಡ ಸಾಕ್ಷಿ 1933ರ ‘ಕಿಂಗ್ ಕಾಂಗ್’. ದೈತ್ಯ ವಾನರನೆಂದು ಜನ ನೋಡಿದ್ದು ಸುಮಾರು ಒಂದೂವರೆ ಅಡಿ ಎತ್ತರದ, ಮೊಲದ ತುಪ್ಪಳ ಹೊದಿಸಿದ ಗೊಂಬೆಯನ್ನು. ಪ್ರತಿ ಫ್ರೇಮಿಗೂ ಕಲಾವಿದನ ಬೆರಳು ತಾಗಿ ರೋಮ ಒಂದಿಷ್ಟು ಆಚೀಚೆ ಆಗುತ್ತಿತ್ತು. ಹಾಗಾಗಿ ಪರದೆಯಲ್ಲಿ ಕಾಂಗ್‌ನ ಮೈಯ ರೋಮ ಗಾಳಿಯಿಲ್ಲದೆಯೂ ಸದಾ ಮಿಡುಕುತ್ತಾ ಇರುತ್ತದೆ.

ಮನೆಯಲ್ಲಿ ಮೊದಲು ಗಟ್ಟಿ ಮಾಡಬೇಕಾದ್ದು ಮೊಬೈಲನ್ನು. ಟ್ರೈಪಾಡ್ ಇದ್ದರೆ ಆಯಿತು. ಇಲ್ಲದಿದ್ದರೆ ಒಂದೇ ಎತ್ತರದ ಎರಡು ಸ್ಟೂಲುಗಳ ಮೇಲೆ ಹಲಗೆ ಅಡ್ಡ ಇಟ್ಟು, ಕ್ಯಾಮರಾದ ಕಣ್ಣು ಹಲಗೆಯ ಅಂಚಿನಿಂದ ಹೊರಗೆ ಕೆಳಮುಖವಾಗಿ ಬರುವಂತೆ ಮೊಬೈಲನ್ನು ಟೇಪಿನಿಂದ ಬಿಗಿಯಬಹುದು. ಮೊಬೈಲ್ ಆಯ ತಪ್ಪದಂತೆ ಹಲಗೆಯ ಮೇಲೆ ಒಂದು ಕಲ್ಲು ಹೇರಿದರೆ ಇನ್ನೂ ಒಳ್ಳೆಯದು. ನೆಲದ ಮೇಲೆ ಆಟ, ಮೇಲಿನಿಂದ ನೋಟ. ಸ್ಟೂಲಿನ ಕಾಲಿನ ಸುತ್ತ ಸೀಮೆಸುಣ್ಣದ ಗುರುತು ಹಾಕಿಡಿ. ಯಾರದ್ದಾದರೂ ಕಾಲು ತಾಗಿದರೆ ಮೊದಲಿನ ಜಾಗಕ್ಕೇ ತಂದಿಡಲು ಅದು ಬೇಕು.

ಫೋಟೊ ತೆಗೆಯಲು ಪರದೆ ಮುಟ್ಟಿದರೆ ಮೊಬೈಲ್ ಅಲುಗುತ್ತದೆ. ವೈರಿನ ಇಯರ್‌ಫೋನ್ ಚುಚ್ಚಿ ಅದರ ವಾಲ್ಯೂಮ್ ಬಟನ್ ಒತ್ತಿದರೆ ಬಹಳಷ್ಟು ಮೊಬೈಲ್‌ಗಳಲ್ಲಿ ಫೋಟೊ ಬೀಳುತ್ತದೆ. ಆಗದಿದ್ದರೆ ಎರಡು ಸೆಕೆಂಡಿನ ಟೈಮರ್ ಹಾಕಿ. ನಡುವೆ ಕಾಲ್ ಬಾರದಂತೆ ಏರೋಪ್ಲೇನ್ ಮೋಡ್‌ನಲ್ಲಿಡಿ. ಮೊಬೈಲ್ ಅಡ್ಡಕ್ಕೆ ಇರಲಿ.

ಇನ್ನು ಬೆಳಕು. ಹೆಚ್ಚಿನ ಮನೆಯ ಸಿನಿಮಾಗಳು ಕೆಡುವುದು ಇಲ್ಲಿಯೇ. ಕಿಟಕಿಯ ಬೆಳಕು ಚಂದ ನಿಜ, ಆದರೆ ಮೋಡ ಬಂದು ಹೋಗುವುದಕ್ಕೆ ತಡವಿಲ್ಲ. ಒಂದು ಗಂಟೆಯ ಬಿಸಿಲು ಮೋಡವನ್ನು ಐದು ಸೆಕೆಂಡಿಗೆ ಇಳಿಸಿದಾಗ ಚಿತ್ರ ಮಿಣಮಿಣ ಎನ್ನುತ್ತದೆ. ಆದ್ದರಿಂದ ಕಿಟಕಿ ಮುಚ್ಚಿ, ಒಂದೋ ಎರಡೋ ಎಲ್‌ಇಡಿ ಬಲ್ಬಿನಲ್ಲಿ ಕೆಲಸ ಮಾಡುವುದು ಲೇಸು. ರಾತ್ರಿಯಾದರೆ ಇನ್ನೂ ಸುಲಭ. ಬಿಳಿ ಅಂಗಿ ಹಾಕಿ ಕೂರಬೇಡಿ. ನೀವು ಬಗ್ಗಿದಾಗ ಒಂದು ಬೆಳಕು, ಹಿಂದೆ ಸರಿದಾಗ ಇನ್ನೊಂದು ಬೆಳಕು ಬೀಳುತ್ತದೆ. ಕಪ್ಪು ಅಂಗಿ ಹಾಕಿ, ಪ್ರತಿ ಫೋಟೊಗೂ ಒಂದೇ ಜಾಗಕ್ಕೆ ಸರಿದು ನಿಲ್ಲಿ.

ಬಲ್ಬಿನ ವಿಷಯದಲ್ಲಿ ಕಣ್ಣಿಗೆ ಕಾಣದ ಒಂದು ತೊಂದರೆ ಉಂಟು. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗುತ್ತದೆ. ಅದರಿಂದಾಗಿ ಅನೇಕ ಬಲ್ಬುಗಳ ಬೆಳಕು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಕ್ಯಾಮರಾದ ಬಾಗಿಲು, ಅಂದರೆ ಶಟರ್, ಸೆಕೆಂಡಿನ ಐನೂರನೇ ಒಂದು ಭಾಗ ಮಾತ್ರ ತೆರೆದರೆ ಒಮ್ಮೆ ಏರಿದ ಬೆಳಕು ಸಿಗಬಹುದು, ಇನ್ನೊಮ್ಮೆ ಇಳಿದ ಬೆಳಕು. ಐವತ್ತನೇ ಒಂದು ಭಾಗ ತೆರೆದರೆ ಸರಿಯಾಗಿ ಎರಡು ಏರಿಳಿತಗಳು ಒಳಗೆ ಬಂದು ಎಲ್ಲ ಫೋಟೊಗಳ ಬೆಳಕೂ ಸಮನಾಗುತ್ತದೆ. ಮೊಬೈಲಿನ ಕ್ಯಾಮರಾದಲ್ಲಿ ‘ಪ್ರೊ’ ಎಂಬ ಆಯ್ಕೆ ಇದ್ದರೆ ಶಟರನ್ನು 1/50ಕ್ಕೆ ನಿಲ್ಲಿಸಿ. ಐಎಸ್‌ಒ (ಬೆಳಕಿಗೆ ಕ್ಯಾಮರಾ ಎಷ್ಟು ಸ್ಪಂದಿಸಬೇಕೆಂಬ ಅಳತೆ), ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ ಸರಿಪಡಿಸುವುದು), ಫೋಕಸ್ ಮೂರನ್ನೂ ಆಟೊದಿಂದ ತೆಗೆದು ಒಂದು ಅಳತೆಗೆ ಕಟ್ಟಿಹಾಕಿ. ಆಟೊದಲ್ಲಿ ಬಿಟ್ಟರೆ ನಿಮ್ಮ ಕೆಂಪು ಕಾಯಿ ಚೌಕಟ್ಟಿನೊಳಗೆ ಬಂದ ಕೂಡಲೇ ಕ್ಯಾಮರಾ ತನ್ನ ಬುದ್ಧಿ ಉಪಯೋಗಿಸಿ ಹಿನ್ನೆಲೆಯ ಬಣ್ಣವನ್ನೇ ಬದಲಿಸಿಬಿಡುತ್ತದೆ. ಪ್ರೊ ಇಲ್ಲದ ಮೊಬೈಲಿನಲ್ಲಿ ಪರದೆಯನ್ನು ಒತ್ತಿಹಿಡಿದರೆ ಫೋಕಸ್ ಮತ್ತು ಬೆಳಕಿಗೆ ಬೀಗ ಬೀಳುವ ಸೌಲಭ್ಯ ಹೆಚ್ಚಾಗಿ ಇರುತ್ತದೆ.

ಮಳೆಗಾಲದಲ್ಲಿ ಕರೆಂಟು ಹೋಗುವುದು ಇದ್ದದ್ದೇ. ಚಾರ್ಜಿನ ಲೈಟ್ ಹಿಡಿದು ಮುಂದುವರಿಸುವ ಆಸೆ ಬೇಡ. ಅದರ ಬಣ್ಣವೇ ಬೇರೆ, ಮೇಲಾಗಿ ಬ್ಯಾಟರಿ ಇಳಿದಂತೆ ಬೆಳಕೂ ಇಳಿಯುವುದುಂಟು. ಎಲ್ಲವನ್ನೂ ಇದ್ದಲ್ಲೇ ಬಿಟ್ಟು ಕರೆಂಟು ಬಂದ ಮೇಲೆ ಕೂರುವುದೇ ಸರಿ. ಚಾವಡಿಯ ನಡುವೆ ಚಿತ್ರೀಕರಣ ಇಟ್ಟುಕೊಂಡರೆ ಆ ಹೊತ್ತಿನಲ್ಲಿ ಅಜ್ಜಿ ಗುಡಿಸಲು ಬರುತ್ತಾರೆ. ಮೂಲೆಯ ಕೋಣೆ ಹುಡುಕಿ.

ಯಾವುದರಿಂದ ಮಾಡುವುದು?

ಮೂರು ದಾರಿಗಳು. ಮನೆಯ ವಸ್ತುಗಳನ್ನೇ ನಡೆಸುವುದು ಒಂದು, ಕಾಗದ ಕತ್ತರಿಸಿ ಸರಿಸುವುದು ಇನ್ನೊಂದು, ಗೊಂಬೆ ಮಾಡಿ ಕುಣಿಸುವುದು ಮೂರನೆಯದು. ಕಷ್ಟವೂ ಇದೇ ಕ್ರಮದಲ್ಲಿ ಏರುತ್ತದೆ.

ಕಾಗದದ ಕೆಲಸಕ್ಕೆ ಕಟೌಟ್ ಎನ್ನುತ್ತಾರೆ. ಯಕ್ಷಗಾನದ ವೇಷ ಬೇಕಿದ್ದರೆ ರಟ್ಟಿನಲ್ಲಿ ಕಿರೀಟ, ತಲೆ, ಮೈ, ಕೈಯ ಎರಡು ತುಂಡು, ಕಾಲಿನ ಎರಡು ತುಂಡು ಎಂದು ಬೇರೆ ಬೇರೆ ಕತ್ತರಿಸಿ ಕೀಲುಗಳಲ್ಲಿ ನೂಲು ಪೋಣಿಸಿ ಗಂಟು ಹಾಕಬೇಕು. ತೀರಾ ಸಡಿಲಾದರೆ ಕೈ ಜಾರುತ್ತದೆ, ತೀರಾ ಬಿಗಿಯಾದರೆ ಕೈ ಎತ್ತುವಾಗ ಮೈಯೂ ತಿರುಗುತ್ತದೆ. ನೆಲಕ್ಕೆ ಹಾಸಿ ಮೇಲಿನಿಂದ ಫೋಟೊ ತೆಗೆಯುವುದರಿಂದ ಬೀಳುವ ಭಯವಿಲ್ಲ. ಫ್ಯಾನು ಮಾತ್ರ ಬಂದ್ ಇರಲಿ.

ಗೊಂಬೆಗೆ ಒಳಗೊಂದು ಎಲುಬು ಬೇಕು. ಎರಡು ಎಳೆ ಅಲ್ಯುಮಿನಿಯಂ ತಂತಿಯನ್ನು ಹೊಸೆದು ಮಾಡಬಹುದು. ಒಂಟಿ ತಂತಿಯನ್ನು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿಸಿದರೆ ಲೋಹ ದಣಿದು ತುಂಡಾಗುತ್ತದೆ, ಅದೂ ಯಾವಾಗಲೂ ಚಿತ್ರೀಕರಣದ ನಡುವೆ. ಕಟ್ಟಡದವರು ಉಪಯೋಗಿಸುವ ಬೈಂಡಿಂಗ್ ವೈರು ಸುಲಭವಾಗಿ ಸಿಗುತ್ತದೆ, ಆದರೆ ಕಬ್ಬಿಣದ್ದಾದ್ದರಿಂದ ನಮ್ಮ ಹವೆಗೆ ತುಕ್ಕು ಹಿಡಿದು ಮಣ್ಣಿನ ಬಣ್ಣ ಕೆಡಿಸುತ್ತದೆ. ಮೈಗೆ ಹೊದಿಸಲು ಹೊಳೆಬದಿಯ ಜೇಡಿ ಆಗದು, ಒಣಗಿ ಬಿರಿಯುತ್ತದೆ. ಮೈದಾ ಹಿಟ್ಟು ಕಲಸಿದರೆ ಮೊದಲ ದಿನ ಇರುವೆ, ಮೂರನೇ ದಿನ ಬೂಷ್ಟು. ಅಂಗಡಿಯಲ್ಲಿ ಸಿಗುವ ಎಣ್ಣೆ ಬೆರೆತ ಬಣ್ಣದ ಕ್ಲೇ ಒಣಗುವುದಿಲ್ಲ, ಆದರೆ ಏಪ್ರಿಲ್ ಮೇ ತಿಂಗಳ ಸೆಕೆಗೆ ಬೆಣ್ಣೆಯಾಗುತ್ತದೆ. ಗೊಂಬೆಯನ್ನು ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ತೆಗೆದರೆ ಮತ್ತೆ ನಿಲ್ಲುತ್ತದೆ. ಬೆರಳಚ್ಚು ಮೂಡಿತೆಂದು ಬೇಸರ ಬೇಡ. ವಾಲೆಸ್ ಮತ್ತು ಗ್ರೋಮಿಟ್ ಗೊಂಬೆಗಳನ್ನು ಮಾಡಿದ ಬ್ರಿಟನ್ನಿನ ಆರ್ಡ್‌ಮನ್ ಸ್ಟುಡಿಯೋದವರ ಚಿತ್ರಗಳಲ್ಲಿಯೂ ಬೆರಳ ಗುರುತು ಕಾಣುತ್ತದೆ, ಜನ ಅದನ್ನು ಇಷ್ಟಪಟ್ಟೇ ನೋಡುತ್ತಾರೆ.

ನಡೆಯುವ ಗೊಂಬೆ ಒಂದು ಕಾಲೆತ್ತಿದ ಕೂಡಲೇ ಬೀಳುತ್ತದೆ. ಪಾದದೊಳಗೆ ಚಿಕ್ಕ ಆಯಸ್ಕಾಂತ ಹುಗಿದು ಕಬ್ಬಿಣದ ಮೇಲೆ ನಿಲ್ಲಿಸಿದರೆ ಸಮಸ್ಯೆ ಮುಗಿಯಿತು. ಊಟದ ಸ್ಟೀಲ್ ತಟ್ಟೆಗಳಲ್ಲಿ ಹಲವು ಆಯಸ್ಕಾಂತಕ್ಕೆ ಅಂಟುವುದಿಲ್ಲ. ದೋಸೆಯ ಕಬ್ಬಿಣದ ಕಾವಲಿಯನ್ನು ಮಗುಚಿಟ್ಟು ಮೇಲೊಂದು ತೆಳು ಕಾಗದ ಹಾಸಿದರೆ ಒಳ್ಳೆಯ ರಂಗಸ್ಥಳ ಆಗುತ್ತದೆ. ಮರುದಿನ ದೋಸೆಗೆ ಮೊದಲು ವಾಪಸ್ ಕೊಟ್ಟರಾಯಿತು.

ಇಷ್ಟೆಲ್ಲ ಯಾಕೆ ಎನ್ನುವವರಿಗೆ ಸ್ಟಾರೆವಿಚ್ ಎಂಬವನ ಕತೆ ಕೇಳಲು ಚಂದ. ಲಿಥುವೇನಿಯಾದ ಕೌನಾಸ್‌ನಲ್ಲಿ ವಸ್ತು ಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಅವನಿಗೆ ಸುಮಾರು 1910ರಲ್ಲಿ ಕೊಂಬಿನ ಜೀರುಂಡೆಗಳ ಕಾಳಗ ಚಿತ್ರಿಸಬೇಕೆಂದು ಆಸೆ. ದೀಪ ಹಾಕಿದರೆ ಜೀರುಂಡೆಗಳು ಸುಮ್ಮನಾಗುತ್ತಿದ್ದವು. ಕೊನೆಗೆ ಸತ್ತ ಜೀರುಂಡೆಗಳಿಗೆ ತಂತಿಯ ಕಾಲು ಅಂಟಿಸಿ ಫ್ರೇಮ್ ಫ್ರೇಮಾಗಿ ಕಾದಾಡಿಸಿದ.

ಒಂದು ಕಾಯಿಯ ಹಾರಾಟ

ಮೊದಲ ಸಿನಿಮಾಕ್ಕೆ ಚೆನ್ನೆಮಣೆಯಷ್ಟು ಅನುಕೂಲದ ವಸ್ತು ನನಗೆ ಬೇರೆ ಕಂಡಿಲ್ಲ. ಏಳೇಳು ಗುಳಿಗಳ ಎರಡು ಸಾಲು, ಗುಳಿಗೆ ನಾಲ್ಕರಂತೆ 56 ಕಾಯಿ. ಮಂಜೊಟ್ಟಿ ಕಾಯಿಯಾದರೆ ಕೆಂಪು ಬಣ್ಣ ಕ್ಯಾಮರಾಕ್ಕೆ ಎದ್ದು ಕಾಣುತ್ತದೆ. ಮಣೆ ಭಾರವಾದ್ದರಿಂದ ಅಲುಗುವುದಿಲ್ಲ. ಆಟಿ ತಿಂಗಳ ಮಳೆಗೆ ಹೊರಗೆ ಹೋಗಲಾರದ ಹೊತ್ತಿನ ಆಟ ಬೇರೆ. ಒಂದು ಕಾಯಿಗೆ ತನ್ನ ಗುಳಿ ಬೇಜಾರಾಗಿ ಪಕ್ಕದ ಗುಳಿಗೆ ಹೋಗುತ್ತದೆ ಎಂದಿಟ್ಟುಕೊಳ್ಳೋಣ.

ಮೊದಲು ತೆವಳಿಸಿ ನೋಡಿ. ಮಣೆಯ ಅಂಚಿನಲ್ಲಿ 9 ಸೆಂಟಿಮೀಟರ್ ದೂರವನ್ನು ಎಂಟು ಹೆಜ್ಜೆಯಲ್ಲಿ ದಾಟಿಸಬೇಕು. ಸಮಸಮ ಹಂಚಿದರೆ ಕಾಯಿ ಯಂತ್ರದಂತೆ ಜಾರುತ್ತದೆ, ಜೀವ ಇರುವುದಿಲ್ಲ. ಕುಂಬಳೆ ಸ್ಟ್ಯಾಂಡಿನಿಂದ ಹೊರಟ ಬಸ್ಸನ್ನು ನೆನೆಯಿರಿ. ಮೊದಲು ಮೆಲ್ಲ, ಆಮೇಲೆ ಜೋರು, ಮುಂದಿನ ಸ್ಟಾಪು ಹತ್ತಿರ ಬಂದಾಗ ಮತ್ತೆ ಮೆಲ್ಲ. ಕಾಯಿಯೂ ಹಾಗೆಯೇ ಹೋಗಲಿ. ಮಿಲಿಮೀಟರ್ ಲೆಕ್ಕದಲ್ಲಿ 3, 8, 14, 20, 20, 14, 8, 3. ಕೂಡಿಸಿದರೆ 90. ಸ್ಕೇಲಿನ ಪಕ್ಕದಲ್ಲಿ ಒಂದು ಕಾಗದದ ಪಟ್ಟಿಗೆ ಗುರುತು ಹಾಕಿಟ್ಟುಕೊಂಡು, ಸರಿಸುವಾಗ ಮಾತ್ರ ಪಟ್ಟಿ ಇಟ್ಟು, ಫೋಟೊಗೆ ಮೊದಲು ತೆಗೆಯಿರಿ.

ಹಾರುವುದಾದರೆ ಲೆಕ್ಕ ಬೇರೆ. ಅರ್ಧ ಸೆಕೆಂಡಿನ ಹಾರಾಟಕ್ಕೆ 6 ಫೋಟೊ. ಮುಂದಕ್ಕೆ ಹೋಗುವ ದೂರ ಈಗ ಸಮಸಮ, ಬದಲಾಗುವುದು ಎತ್ತರ. ಮೇಲೆಸೆದ ವಸ್ತು ಏರುವಾಗ ನಿಧಾನವಾಗುತ್ತಾ ಹೋಗಿ ತುದಿಯಲ್ಲಿ ತುಸು ತಂಗಿದಂತಾಗಿ ಬೀಳುವಾಗ ವೇಗ ಪಡೆಯುತ್ತದೆ. ಎತ್ತರ 0, 2, 3, 3, 2, 0 ಸೆಂಟಿಮೀಟರ್ ಇಟ್ಟರೆ ಈ ಕಮಾನು ಸರಿಯಾಗಿ ಬರುತ್ತದೆ.

ಗಾಳಿಯಲ್ಲಿ ಕಾಯಿಯನ್ನು ಹಿಡಿಯುವವರು ಯಾರು? ಮೇಲಿನಿಂದ ಫೋಟೊ ತೆಗೆಯುವುದರ ಲಾಭ ಇಲ್ಲಿ. ಎರಡು ಬೆಂಕಿಕಡ್ಡಿಗಳ ಮದ್ದು ತೆಗೆದು 2 ಸೆಂಟಿಮೀಟರಿನದ್ದೊಂದು, 3 ಸೆಂಟಿಮೀಟರಿನದ್ದೊಂದು ತುಂಡು ಮಾಡಿ. ಬುಡದಲ್ಲಿ ಸಾಸಿವೆಯಷ್ಟು ಕ್ಲೇ ಒತ್ತಿ ನೆಟ್ಟಗೆ ನಿಲ್ಲಿಸಿ, ತುದಿಯಲ್ಲಿ ಇನ್ನೊಂದು ಚೂರು ಕ್ಲೇ ಇಟ್ಟು ಕಾಯಿ ಕೂರಿಸಿ. ಕ್ಯಾಮರಾದ ನೇರ ಕೆಳಗೆ ಇದ್ದರೆ ಕಡ್ಡಿಯನ್ನು ಕಾಯಿಯೇ ಮರೆಮಾಡುತ್ತದೆ. ಚೌಕಟ್ಟಿನ ಅಂಚಿಗೆ ಹೋದರೆ ಕಡ್ಡಿ ಇಣುಕುತ್ತದೆ, ಹಾಗಾಗಿ ಹಾರಾಟ ನಡುವೆಯೇ ನಡೆಯಲಿ. ಕಾಯಿ ಮೇಲೆದ್ದಾಗ ಅದರ ನೆರಳು ದೂರ ಸರಿಯುತ್ತದೆ. ಹಾರುತ್ತಿದೆ ಎಂದು ನೋಡುವವರು ನಂಬುವುದು ಮುಖ್ಯವಾಗಿ ಆ ನೆರಳಿನಿಂದ. ಬಲ್ಬನ್ನು ಮೇಲಿಡದೆ ಒಂದು ಬದಿಗೆ ಓರೆಯಾಗಿ ಇಡಬೇಕಾದ್ದು ಅದಕ್ಕೇ. ಕಡ್ಡಿಯ ನೆರಳೂ ತೆಳುವಾಗಿ ಬೀಳಬಹುದು. ಹನ್ನೆರಡನೇ ಒಂದು ಸೆಕೆಂಡಿನಲ್ಲಿ ಅದನ್ನು ಗಮನಿಸುವವರು ಕಡಿಮೆ.

ಹಾರುವ ಮೊದಲು ಕಾಯಿ ಎರಡು ಮಿಲಿಮೀಟರ್ ಹಿಂದೆ ಸರಿದು ಎರಡು ಮೂರು ಫ್ರೇಮ್ ಸುಮ್ಮನೆ ಕೂರಲಿ. ನಾವೂ ತೋಡು ದಾಟುವಾಗ ಹಿಂದೆ ಬಾಗಿಯೇ ಹಾರುವುದು. ಇಳಿದ ಗುಳಿಯಲ್ಲಿರುವ ನಾಲ್ಕು ಕಾಯಿಗಳು ಮರು ಫ್ರೇಮಿನಲ್ಲಿ ತುಸು ಚದುರಿ, ಅದರ ಮುಂದಿನದ್ದರಲ್ಲಿ ನಿಲ್ಲಲಿ. ಇವೆರಡು ಇಲ್ಲದಿದ್ದರೆ ಕಾಯಿಗೆ ಮನಸ್ಸೂ ಇರುವುದಿಲ್ಲ, ಭಾರವೂ ಇರುವುದಿಲ್ಲ.

ಹಿಂದಿನ ಫ್ರೇಮಿನಲ್ಲಿ ಕಾಯಿ ಎಲ್ಲಿತ್ತು ಎಂದು ನೆನಪಿಡುವ ತಲೆಬಿಸಿ ಬೇಡದವರಿಗೆ ಸ್ಟಾಪ್ ಮೋಷನ್ ಸ್ಟುಡಿಯೋ ಎಂಬ ಆ್ಯಪ್ ಉಂಟು. ಅದರ ಉಚಿತ ಆವೃತ್ತಿ ಮನೆಯ ಕೆಲಸಕ್ಕೆ ಸಾಕು. ಹಿಂದಿನ ಫೋಟೊವನ್ನು ಮಸುಕಾಗಿ ಈಗಿನ ನೋಟದ ಮೇಲೆ ತೋರಿಸುವುದು ಅದರ ಮುಖ್ಯ ಉಪಕಾರ. ಇದಕ್ಕೆ ಅನಿಯನ್ ಸ್ಕಿನ್ ಎಂದು ಹೆಸರು. ಮಣೆಗೆ ಯಾರದ್ದಾದರೂ ಕೈ ತಾಗಿದ್ದರೂ ಇದರಲ್ಲಿ ಕೂಡಲೇ ಗೊತ್ತಾಗುತ್ತದೆ.

ಮಾತು ಮೊದಲು, ಸದ್ದು ಆಮೇಲೆ

ಪಾತ್ರ ಮಾತಾಡುವುದಾದರೆ ಮಾತನ್ನು ಮೊದಲೇ ರೆಕಾರ್ಡ್ ಮಾಡಬೇಕು. ಆಮೇಲೆ ಮಾತಿಗೆ ಬಾಯಿ ಹೊಂದಿಸುವುದು. ಕಾಗದದಲ್ಲಿ ನಾಲ್ಕೈದು ಬಾಯಿ ಕತ್ತರಿಸಿಟ್ಟುಕೊಳ್ಳಿ. ಪ, ಬ, ಮಕ್ಕೆ ಮುಚ್ಚಿದ ಬಾಯಿ, ಅ ಆಕ್ಕೆ ತೆರೆದದ್ದು, ಉ ಓಕ್ಕೆ ಉರುಟು, ಇ ಈಗೆ ಅಗಲ. “ಅಮ್ಮ” ಎನ್ನಲು ತೆರೆದದ್ದು, ಮುಚ್ಚಿದ್ದು, ತೆರೆದದ್ದು. ಒತ್ತಕ್ಷರ ಇದ್ದುದರಿಂದ ಮುಚ್ಚಿದ ಬಾಯಿ ಎರಡು ಫ್ರೇಮ್ ನಿಲ್ಲಬೇಕು. ಉಳಿದ ಅಕ್ಷರಗಳಿಗೆಲ್ಲ ಬೇರೆ ಬಾಯಿ ಮಾಡಲು ಹೋಗಬೇಡಿ, ತುಟಿ ಮುಚ್ಚುವ ಅಕ್ಷರ ಸರಿಯಾದ ಜಾಗದಲ್ಲಿ ಮುಚ್ಚಿದರೆ ಕಣ್ಣು ಉಳಿದದ್ದನ್ನು ಒಪ್ಪಿಕೊಳ್ಳುತ್ತದೆ.

ತಗಡು ಶೀಟಿನ ಮಾಡಿನ ಕೆಳಗೆ ಮಳೆ ಬರುವಾಗ ರೆಕಾರ್ಡಿಂಗ್ ಆಗದು. ಮಳೆ ಬಿಟ್ಟ ಹೊತ್ತು ನೋಡಿ, ಕಂಬಳಿ ಹೊದ್ದು ಅದರೊಳಗೆ ಮೊಬೈಲ್ ಹಿಡಿದು ಮಾತಾಡಿದರೆ ಕೋಣೆಯ ಗುಂಯ್ ಎನ್ನುವ ಸದ್ದು ಕಡಿಮೆಯಾಗುತ್ತದೆ. ಉಳಿದ ಸದ್ದುಗಳಿಗೆ ಮನೆಯೇ ಸಾಕು. ಕಾಯಿ ಗುಳಿಗೆ ಬೀಳುವ ಟಕ್ ಸದ್ದನ್ನು ಅದೇ ಮಣೆಯಲ್ಲಿ ತೆಗೆಯಿರಿ. ಕುದುರೆ ಬೇಕಿದ್ದರೆ ಎರಡು ಗೆರಟೆ, ಒಣ ಎಲೆಯ ಮೇಲಿನ ನಡಿಗೆಗೆ ಅಡಿಕೆಯ ಒಣಹಾಳೆ.

ಜೋಡಣೆ

ಆ್ಯಪ್‌ನಲ್ಲೇ ಮಾಡಿದ್ದರೆ ಫೋಟೊಗಳು ಸಾಲಾಗಿಯೇ ಇರುತ್ತವೆ, ಸದ್ದು ಸೇರಿಸಿದರಾಯಿತು. ಬೇರೆ ಬೇರೆಯಾಗಿ ತೆಗೆದಿದ್ದರೆ ಕಂಪ್ಯೂಟರಿನಲ್ಲಿ ಕೆಡೆನ್‌ಲೈವ್ ಎಂಬ ಉಚಿತ ಸಾಫ್ಟ್‌ವೇರ್ ಬಳಸಬಹುದು, ಲಿನಕ್ಸ್‌ನಲ್ಲೂ ವಿಂಡೋಸ್‌ನಲ್ಲೂ ನಡೆಯುತ್ತದೆ. ಫೋಟೊಗಳನ್ನು ಒಂದೊಂದಾಗಿ ಎಳೆದು ತರಬೇಡಿ. ಇಮೇಜ್ ಸೀಕ್ವೆನ್ಸ್ ಎಂದು ಒಟ್ಟಿಗೆ ತಂದು ಸೆಕೆಂಡಿಗೆ 12ರ ಲೆಕ್ಕ ಕೊಟ್ಟರೆ ಸಾಕು. ಟಕ್ ಸದ್ದು ಕಾಯಿ ಬಿದ್ದ ಫ್ರೇಮಿನ ಮೇಲೆಯೇ ಕೂರಬೇಕು. ಎರಡು ಮೂರು ಫ್ರೇಮ್ ಹಿಂದೆ ಮುಂದೆ ಆದರೆ ಕಿವಿ ಹಿಡಿದುಬಿಡುತ್ತದೆ.

ಹಿನ್ನೆಲೆಗೆ ಸಿನಿಮಾ ಹಾಡು ಹಾಕಬೇಡಿ. ಯೂಟ್ಯೂಬಿಗೆ ಏರಿಸಿದರೆ ಹಕ್ಕಿನ ತಕರಾರು ಬರುತ್ತದೆ. ಮೇಳದವರ ಯಕ್ಷಗಾನದ ರೆಕಾರ್ಡಿಂಗನ್ನೂ ಕೇಳದೆ ಹಾಕಬಾರದು, ಪದ ಹಳೆಯದಾದರೂ ಹಾಡಿದವರ, ಧ್ವನಿಮುದ್ರಣ ಮಾಡಿದವರ ಹಕ್ಕು ಅದರಲ್ಲಿ ಇರುತ್ತದೆ. ಪಕ್ಕದ ಮನೆಯಲ್ಲಿ ಚೆಂಡೆ ಕಲಿಯುವ ಹುಡುಗ ಇದ್ದರೆ ಅವನಿಂದಲೇ ಅರ್ಧ ನಿಮಿಷ ಬಾರಿಸಿ, ಕೊನೆಯಲ್ಲಿ ಅವನ ಹೆಸರು ಹಾಕಿ. ಸಿನಿಮಾ ಎಂಪಿ4 ಕಡತವಾಗಿ ಹೊರಬಂದ ಮೇಲೂ ಮೂಲ ಫೋಟೊಗಳನ್ನು ಕೂಡಲೇ ಅಳಿಸಬೇಡಿ. ಶಾಲೆಯಲ್ಲಿ ಟೀಚರ್ “ಈ ಜಾಗ ಸ್ವಲ್ಪ ನಿಧಾನ ಮಾಡು” ಎಂದರೆ ಮತ್ತೆ ಕೈಹಾಕಲು ಅವೇ ಬೇಕಾಗುವುದು.